ಸಹಿ ಹಾಕುವವರಿಗೇ ತರಬೇತಿ ಬೇಕು

ಕಾಪುವಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರು ಪತ್ತಿನ ಸಹಕಾರಿ ಸಂಘವೊಂದರ ನಿರ್ದೇಶಕರು. ಸಾಲದ ಅರ್ಜಿ ನೋಡಿ ಅಂಕ ಕೊಡುವ ಎಐ (ಕೃತಕ ಬುದ್ಧಿಮತ್ತೆ) ಸಾಫ್ಟ್‌ವೇರ್ ಸಂಘಕ್ಕೆ ಬರುತ್ತಿದೆ. ನಿರ್ದೇಶಕರಿಗೆ ಮಂಗಳೂರಿನಲ್ಲಿ ಎರಡು ದಿನದ ತರಬೇತಿಯೂ ಉಂಟು. "ಕಂಪ್ಯೂಟರ್ ಮುಟ್ಟುವವರು ಆಫೀಸಿನ ಹುಡುಗರು. ಅರವತ್ತು ದಾಟಿದ ನಾವು ಹೋಗಿ ಏನು ಮಾಡುವುದು? ಅವರನ್ನೇ ಕಳಿಸಿದರೆ ಸಾಲದಾ?" ಎಂದು ಕೇಳಿದ್ದಾರೆ.

ಮಾನ್ಯರೇ,

ಹುಡುಗರನ್ನೂ ಕಳಿಸಿ, ನೀವೂ ಹೋಗಿ. ಸಾಫ್ಟ್‌ವೇರ್ ನಡೆಸುವುದನ್ನು ಅವರು ಬೇಗ ಕಲಿಯುತ್ತಾರೆ. ಆದರೆ ಅದರ ಮಾತನ್ನು ಯಾವಾಗ ಕೇಳಬಾರದು ಅಂತ ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಅದು ಆಡಳಿತ ಮಂಡಳಿಯದ್ದು.

ಒಂದು ಅರ್ಜಿಯನ್ನೇ ನೋಡೋಣ. ಮಲ್ಪೆಯಲ್ಲಿ ಮೀನು ಮಾರುವ ಹೆಂಗಸೊಬ್ಬರು ಐವತ್ತು ಸಾವಿರ ಸಾಲ ಕೇಳಿದ್ದಾರೆ ಅಂತಿಟ್ಟುಕೊಳ್ಳಿ. ಹತ್ತು ತಿಂಗಳು ಖಾತೆಗೆ ದುಡ್ಡು ಬಂದಿದೆ. ಜೂನ್, ಜುಲೈಯಲ್ಲಿ ಹೆಚ್ಚುಕಡಿಮೆ ಖಾಲಿ. ಯಾಕೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲೇ. ತಿಂಗಳ ಸಂಬಳದವರ ಖಾತೆ ನೋಡಿ ಕಲಿತ ಸಾಫ್ಟ್‌ವೇರಿಗೆ ಇದು ತಿಳಿಯುವುದಿಲ್ಲ. ಆದಾಯ ನಿಂತಿದೆ, ಅಪಾಯ ಜಾಸ್ತಿ ಅಂತ ಅಂಕ ಇಳಿಸಿಬಿಡಬಹುದು. ಕೌಂಟರಿನ ಹುಡುಗ "ಸಿಸ್ಟಮ್ ಒಪ್ತಾ ಇಲ್ಲ ಅಕ್ಕಾ" ಅನ್ನುತ್ತಾನೆ. ಆಕೆ ಎದ್ದು ಹೋಗುತ್ತಾರೆ. ದೂರೂ ಬರುವುದಿಲ್ಲ, ತಪ್ಪಾದದ್ದು ಸಂಘಕ್ಕೆ ಗೊತ್ತೂ ಆಗುವುದಿಲ್ಲ. ನನಗೆ ಹೆದರಿಕೆ ಇರುವುದು ಇದರದ್ದೇ.

ಇದನ್ನು ಹಿಡಿಯಬಲ್ಲವರು ನೀವು. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಾದರೂ ಸರಿ ಅಂತ ಸಂಗ್ರಹಿಸುತ್ತಿದ್ದರು. ಇಂದಿಗೂ ಯಾರ ಮನೆಯಲ್ಲಿ ಯಾವ ತಿಂಗಳು ಕೈ ಬಿಗಿ ಅನ್ನುವುದು ಪಿಗ್ಮಿ ಸಂಗ್ರಾಹಕರಿಗೆ ಗೊತ್ತಿರುತ್ತದೆ. ಯಂತ್ರ ಬೇಡ ಅಂದ ಅರ್ಜಿಯ ಮೇಲೆ ಅವರ ಮಾತು ಕೇಳಬೇಕು ಅಂತ ನಿರ್ಣಯ ಮಾಡಬೇಕಾದವರು ನೀವೇ ಅಲ್ವಾ?

"ಸಾಫ್ಟ್‌ವೇರ್ ಹೇಳಿತು" ಅಂದರೆ ಹೊಣೆ ತಪ್ಪುವುದಿಲ್ಲ. ಅಜ್ಜಿ ತೀರಿಕೊಂಡಾಗ ಪ್ರಯಾಣ ಮಾಡಿದ ಒಬ್ಬರಿಗೆ ಏರ್ ಕೆನಡಾ ವಿಮಾನ ಕಂಪನಿಯ, ಕೇಳಿದ್ದಕ್ಕೆ ತಾನೇ ಉತ್ತರಿಸುವ ಚಾಟ್‌ಬಾಟ್ ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಜವಾಬ್ದಾರಿ ಅನ್ನುವ ರೀತಿಯಲ್ಲಿ ಕಂಪನಿ ವಾದಿಸಿತು. 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಅದನ್ನು ಒಪ್ಪದೆ ಪರಿಹಾರ ಕೊಡಿಸಿತು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಸಮಿತಿ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯೂ ಎಐ ಬಳಕೆಗೆ ಆಡಳಿತ ಮಂಡಳಿ ಒಪ್ಪಿದ ನೀತಿ ಇರಬೇಕು ಅಂತ ಶಿಫಾರಸು ಮಾಡಿದೆ. ಅದು ಬ್ಯಾಂಕು, ಹಣಕಾಸು ಕಂಪನಿಗಳನ್ನು ಕುರಿತದ್ದು. ಆದರೆ ಸಂಘವೂ ಹಾಗೆ ನಡೆದುಕೊಳ್ಳಲು ಯಾರ ಆದೇಶವೂ ಬೇಡ.

ಇನ್ನೊಂದು, ಹೊಸ ಸಾಫ್ಟ್‌ವೇರ್ ಬರುವ ಮೊದಲೇ ಎಐ ನಿಮ್ಮ ಆಫೀಸಿಗೆ ಬಂದಿರಬಹುದು. ನೋಟಿಸ್ ಬರೆಯಲು ಬೇಸರವಾಗಿ ಯಾರಾದರೂ ಸದಸ್ಯರ ಹೆಸರು, ಆಧಾರ್ ಸಂಖ್ಯೆ, ಬಾಕಿ ಮೊತ್ತ ಎಲ್ಲವನ್ನೂ ಮೊಬೈಲಿನ ಉಚಿತ ಚಾಟ್‌ಬಾಟ್‌ಗೆ ಹಾಕುತ್ತಿದ್ದರೆ? ಸುಮ್ನೆ ಬೈಯಬೇಡಿ. ಏನು ಹಾಕಬಹುದು, ಏನು ಹಾಕಬಾರದು ಅಂತ ಒಂದು ಪುಟದಲ್ಲಿ ಬರೆದು ಕೊಡಿ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿವೆ. ಮಾಹಿತಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಎಐ ಜಗತ್ತನ್ನು ಹೇಗೆ ಬದಲಿಸುತ್ತದೆ ಅಂತ ಎರಡೂ ದಿನ ಸ್ಲೈಡ್ ತೋರಿಸುವ ತರಬೇತಿಗಳೂ ಉಂಟು. ಅದರಲ್ಲಿ ನಿಮ್ಮ ಸಮಯ ಕಳೆಯಬೇಡಿ. ಹಿಂದಿನ ವರ್ಷಗಳ ಐದಾರು ಸಾಲದ ಅರ್ಜಿಗಳನ್ನು ಹೆಸರು, ವಿಳಾಸ, ಖಾತೆ ಸಂಖ್ಯೆ ಅಳಿಸಿ ಕೊಂಡುಹೋಗಿ. ಚೆನ್ನಾಗಿ ತೀರಿಸಿದವರದ್ದೂ ಇರಲಿ, ಮೀನುಗಾರರದ್ದೂ ಇರಲಿ. ಇವಕ್ಕೆ ಸಾಫ್ಟ್‌ವೇರ್ ಎಷ್ಟು ಅಂಕ ಕೊಡುತ್ತದೆ, ಯಾಕೆ, ತಪ್ಪಿದ್ದರೆ ಯಾರು ತಿದ್ದಬೇಕು ಅಂತ ಅಲ್ಲೇ ಕೇಳಿ. ಉತ್ತರ ಸಿಗದಿದ್ದರೆ ಖರೀದಿಯ ಕಾಗದಕ್ಕೆ ಸದ್ಯ ಸಹಿ ಹಾಕಬೇಡಿ.

– ಸಂಪಾದಕ