ಗಾಡಿ ಮಾತು: ಬೆಳ್ಳಿ ಬಣ್ಣದ ತೇಪೆ ಕಪ್ಪಗೇಕೆ?

ಪ್ರಶ್ನೆ: ನಮ್ಮದು ಸಿಲ್ಕಿ ಸಿಲ್ವರ್ ಬಣ್ಣದ ಹಳೇ ವ್ಯಾಗನ್ ಆರ್. ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಉಜ್ಜಿ, ಹಿಂದಿನ ಡೋರ್ ಮೇಲೆ ಅಂಗೈ ಅಗಲ ಬಣ್ಣ ಕಿತ್ತುಹೋಯಿತು. ಕಂಪನಿ ಕೊಟ್ಟ ಬಣ್ಣದ ಕೋಡ್ ಹೇಳಿಯೇ ಟಚ್‌ಅಪ್ ಬಾಟಲ್ ತಂದು ಅದರ ಬ್ರಷ್‌ನಲ್ಲಿ ಹಚ್ಚಿದೆ. ಈಗ ಕಪ್ಪು ಮಚ್ಚೆ ಥರ ಕಾಣುತ್ತಿದೆ. ಕೋಡ್ ತಪ್ಪಿರಬಹುದಾ ಸಾರ್?
– ಓದುಗರು, ಮುಳಬಾಗಿಲು

ಉತ್ತರ: ಬಾಟಲ್ ಬಿಸಾಡಬೇಡಿ. ಕೋಡ್ ಹೇಳಿ ತಂದಿದ್ದೀರಿ ಅಂದಮೇಲೆ ನನ್ನ ಅನುಮಾನ ಬ್ರಷ್ ಮೇಲೆ.

ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಸಣ್ಣ ಚೂರುಗಳಿರುತ್ತವೆ. ತೆಳ್ಳಗೆ ಸ್ಪ್ರೇ ಹೊಡೆದರೆ ಅವು ತಗಡಿನ ಮೇಲೆ ಮಲಗುತ್ತವೆ, ಬೆಳಕು ನೇರವಾಗಿ ನಿಮ್ಮ ಕಣ್ಣಿಗೆ ಬರುತ್ತದೆ. ಬ್ರಷ್‌ನಲ್ಲಿ ದಪ್ಪಗೆ ಹಚ್ಚಿದರೆ ಅಡ್ಡಾದಿಡ್ಡಿ ನಿಲ್ಲುತ್ತವೆ. ಊಟದ ತಟ್ಟೆಯ ಅಗಲ ಕಾಣುವ ಬದಲು ಅಂಚು ಕಂಡ ಹಾಗೆ. ಒಂದು ಪರೀಕ್ಷೆ ಮಾಡಿ: ಪಕ್ಕಕ್ಕೆ ಸರಿದು ಓರೆಯಿಂದ ನೋಡಿ. ಅದೇ ಮಚ್ಚೆ ಈಗ ಸುತ್ತಲಿನದಕ್ಕಿಂತ ಬೆಳ್ಳಗೆ ಕಂಡರೆ ಬಣ್ಣ ಸರಿ ಇದೆ, ಹಚ್ಚಿದ ರೀತಿ ಮಾತ್ರ ತಪ್ಪು. ಬಾಟಲ್ ಚೆನ್ನಾಗಿ ಅಲ್ಲಾಡಿಸದಿದ್ದರೂ ಹೀಗೇ ಎಡವಟ್ಟಾಗುತ್ತದೆ, ಚೂರುಗಳೆಲ್ಲ ತಳದಲ್ಲಿ ಕೂತಿರುತ್ತವೆ.

ಕಲ್ಲೇಟಿನ ಚುಕ್ಕೆಗೆ ಬ್ರಷ್ ಸಾಕು. ಅಂಗೈ ಅಗಲಕ್ಕೆ ಅದೇ ಕೋಡಿನ ಸ್ಪ್ರೇ ಡಬ್ಬಿಯೇ ಬೇಕು. ಹಚ್ಚಿದ್ದನ್ನು ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ ತೆಗೆಯಿರಿ, 800ರಿಂದ 1000 ನಂಬರಿನದು. ತಗಡು ಕಂಡರೆ ಪ್ರೈಮರ್, ಅಂದರೆ ಬಣ್ಣದ ಅಡಿಯ ಪದರ, ಹೊಡೆಯಿರಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಅಲ್ವಾ? ಉಜ್ಜಿದ ನೀರು ಅಲ್ಲೇ ಒಣಗಿದರೆ ಉಪ್ಪು ಉಳಿದು, ಆಮೇಲೆ ಅದರ ಮೇಲಿನ ಬಣ್ಣ ಗುಳ್ಳೆ ಏಳುತ್ತದೆ. ಕೊನೆಗೊಮ್ಮೆ ಕುಡಿಯುವ ಕ್ಯಾನ್ ನೀರಿನಲ್ಲಿ ತೊಳೆದು ಒರೆಸಿ.

ನೇರ ಕಾರಿಗೇ ಹೊಡೆಯಬೇಡಿ. ಹಳೇ ಲಗ್ನಪತ್ರಿಕೆಯ ದಪ್ಪ ಕಾರ್ಡ್ ಒಂದಕ್ಕೆ ಬಣ್ಣ ಹೊಡೆದು ಒಣಗಿಸಿ, ಅದರ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಹೊಡೆಯಿರಿ. ಬರೀ ಬೇಸ್ ಕೋಟ್ (ಕ್ಲಿಯರ್ ಅಡಿಯ ಬಣ್ಣದ ಪದರ) ಮಂಕಾಗಿರುತ್ತದೆ, ಅದನ್ನು ನೋಡಿ ಗಾಬರಿ ಬೀಳುವವರೇ ಜಾಸ್ತಿ. ಡೋರ್‌ಗೆ ಮೊದಲು ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಬಿಸಿಲಿಗೆ ಮಾಸಿದ ಪದರ ಹೋಗಲಿ. ಆಮೇಲೆ ಕಾರ್ಡನ್ನು ಡೋರ್‌ಗೆ ಒತ್ತಿ ಹಿಡಿದು, ಹಗಲು ಬೆಳಕಿನಲ್ಲಿ ಎದುರಿನಿಂದಲೂ ಓರೆಯಿಂದಲೂ ಹೋಲಿಸಿ. ಟ್ಯೂಬ್‌ಲೈಟ್ ನಂಬಬೇಡಿ. ಕಪ್ಪಾಗಿದೆ ಅನ್ನಿಸಿದರೆ ಇನ್ನೊಂದು ಕಾರ್ಡ್‌ಗೆ ಸ್ವಲ್ಪ ದೂರದಿಂದ, ತೆಳ್ಳಗೆ ಹೊಡೆದು ನೋಡಿ. ಒಣಒಣವಾಗಿ ಕೂತಷ್ಟೂ ಬಣ್ಣ ಬೆಳ್ಳಗಾಗುತ್ತದೆ.

ಕಾರ್ಡ್ ಹೊಂದಿದ ಮೇಲೆ ಅದೇ ದೂರ, ಅದೇ ಕೈ. ಬೇಸ್ ಕೋಟನ್ನು ಗಾಯದ ಸುತ್ತ ಮಾತ್ರ ಹೊಡೆದು, ಅಂಚಿನ ಕಡೆ ತೆಳ್ಳಗೆ ಮಾಡುತ್ತಾ ಹೋಗಿ. ಗಾಯದ ಪಕ್ಕದಲ್ಲೇ ಟೇಪ್ ಕಟ್ಟಿದರೆ ಗೆರೆ ಬೀಳುತ್ತದೆ. ಕ್ಲಿಯರ್ ಮಾತ್ರ ಇಡೀ ಡೋರ್‌ಗೆ, ಅದಕ್ಕೂ ಮುಂಚೆ ಡೋರ್‌ನ ಹೊಳಪನ್ನು ಪೇಪರ್‌ನಿಂದ ಮುರಿದಿರಬೇಕು. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಸೇರುವ ಕ್ಲಿಯರ್‌ಗೆ ಮನೆಯಲ್ಲಿ ಕೈ ಹಾಕಬೇಡಿ. ಅದರ ಹೊಗೆಯಲ್ಲಿ ಐಸೋಸಯನೇಟ್ ಎಂಬ, ಉಸಿರಾಟಕ್ಕೆ ಕೆಟ್ಟ ರಾಸಾಯನಿಕ ಇರುತ್ತದೆ, ಬಟ್ಟೆ ಮಾಸ್ಕ್ ಏನೂ ತಡೆಯುವುದಿಲ್ಲ.

ಇಷ್ಟು ಮಾಡಿದರೂ ಪಕ್ಕದ ಡೋರ್‌ಗೆ ಕೂದಲೆಳೆ ವ್ಯತ್ಯಾಸ ಇರಬಹುದು. ಹುಡುಕಿದವರಿಗೆ ಮಾತ್ರ ಕಾಣುತ್ತದೆ, ಬಿಟ್ಟುಬಿಡಿ.

ಪ್ರಶ್ನೆ: ಕ್ಲಿಯರ್ ಹೊಡೆದ ತಕ್ಷಣ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಯಾಕೆ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಮಂಜು ಬೀಳುವ ಬೆಳಗ್ಗೆ ಹೊಡೆದಿದ್ದೀರಿ ಅನ್ನಿಸುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಬಿಸಿಲೇರಿ ತಗಡು ಬೆಚ್ಚಗಾದ ಮೇಲೆ ನೆರಳಿನಲ್ಲಿ ಇನ್ನೊಂದು ತೆಳು ಕೋಟ್ ಹೊಡೆಯಿರಿ. ಸಾಮಾನ್ಯವಾಗಿ ಅಷ್ಟಕ್ಕೇ ಹೋಗುತ್ತದೆ.