ಗೋಡೆ ಹತ್ತಿರ ಅಲ್ಲ, ಕುರ್ಚಿ ಹತ್ತಿರ ಇಡಿ

ಪ್ರಶ್ನೆ: ನಮ್ಮದು ವಿಜಯಪುರ. ಹಿಂದಿನ ಅಂಗಳದಲ್ಲಿ ಸಂಜೆ ಕೂತರೆ ಪಕ್ಕದ ಮನೆ ಮಹಡಿಯಿಂದ ಎಲ್ಲ ಕಾಣುತ್ತದೆ. ಮರೆಗೆಂದು ಕಾಂಪೌಂಡ್ ಗೋಡೆಗುಂಟ ಅರೆಕಾ ಪಾಮ್ ಕುಂಡ ಇಟ್ಟೆವು. ಮರೆಯೂ ಆಗಲಿಲ್ಲ, ಎಲೆಯೂ ಸುಟ್ಟವು. ಬೆಳಗಾವಿಯ ಅಕ್ಕನ ಮನೆಯಲ್ಲಿ ಚೆನ್ನಾಗಿವೆ. ಏನು ಮಾಡಲಿ?

ಉತ್ತರ: ಬೇಸಿಗೆ ಬಂತೆಂದರೆ ಇದೇ ಪತ್ರ. ಎಲ್ಲರ ಕುಂಡವೂ ಗೋಡೆಗುಂಟವೇ! ನೋಡುವವರು ಮೇಲಿದ್ದಾರೆ, ಅಲ್ವಾ? ಕೂತಾಗ ನಿಮ್ಮ ತಲೆ 4 ಅಡಿ, ಅವರ ಕಣ್ಣು 12 ಅಡಿ ಎತ್ತರ, ನಡುವೆ 15 ಅಡಿ ದೂರ ಅಂದುಕೊಳ್ಳಿ. ಗೋಡೆ 10 ಅಡಿ ಆಚೆಗಿದ್ದರೆ ಅಲ್ಲಿನ ಗಿಡ ನೆಲದಿಂದ 9 ಅಡಿ ದಾಟಬೇಕು. ಕುರ್ಚಿಯಿಂದ 3 ಅಡಿಯಲ್ಲಿಟ್ಟರೆ 6 ಅಡಿ ಸಾಕು. ಅದರಲ್ಲೂ ಒಂದೂವರೆ ಅಡಿ ಕುಂಡದ್ದೇ. ಮೊದಲು ಕುರ್ಚಿ ಎಲ್ಲಿ ಅಂತ ತೀರ್ಮಾನಿಸಿ, ಆಮೇಲೆ ನರ್ಸರಿಗೆ ಹೋಗಿ.

ಅಕ್ಕನ ಮನೆ ಲೆಕ್ಕ ಬಿಡಿ. ಬೆಳಗಾವಿಯ ಹವೆಯೇ ಬೇರೆ. ನಮ್ಮಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ, ಒಣಗಾಳಿ, ಸಾಲದ್ದಕ್ಕೆ ಬೋರ್‌ವೆಲ್‌ನ ಸವಳು ನೀರು. ಅರೆಕಾಗೆ ಸಂಜೆಯ ಬಿಸಿಲೂ ಆಗುವುದಿಲ್ಲ, ಉಪ್ಪೂ ಆಗುವುದಿಲ್ಲ. ಅದನ್ನು ವರಾಂಡದ ನೆರಳಿಗೆ ಒಯ್ಯಿರಿ.

ಬಿಸಿಲು, ಸವಳು ಎರಡನ್ನೂ ತಡೆಯುವುದು ಕಣಗಿಲೆ. ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಚಿಕ್ಕ ಮಕ್ಕಳು, ಆಡು-ದನ ಇರುವ ಮನೆಗೆ ನಾನಂತೂ ಹೇಳುವುದಿಲ್ಲ. ಅವರು ದಾಸವಾಳ ಹಾಕಲಿ. ಹಿಟ್ಟುತಿಗಣೆ ಬರುತ್ತದೆ, ಎಲೆಯಡಿ ನೋಡುತ್ತಿರಬೇಕು. ಯಾವುದೇ ಇರಲಿ, ಎಳೆಯದರಲ್ಲೇ ತುದಿ ಚಿವುಟಿ. ಇಲ್ಲದಿದ್ದರೆ ತಲೆಯಲ್ಲಷ್ಟೇ ಸೊಪ್ಪು, ಕೆಳಗೆ ಬರೀ ಕಡ್ಡಿ.

ಕುಂಡ 18 ಇಂಚಿನದಿರಲಿ. ಪುಕ್ಕಟೆ ಸಿಗುತ್ತದೆಂದು ಬರೀ ಎರೆಮಣ್ಣು ತುಂಬಬೇಡಿ. ಒಣಗಿದರೆ ಬಿರಿಯುತ್ತದೆ. ಹಾಕಿದ ನೀರು ಬಿರುಕಿನಲ್ಲೇ ಸೋರಿಹೋಗಿ ಬೇರು ಒಣಗೇ ಉಳಿಯುತ್ತದೆ. ಕೆಂಪು ಮಣ್ಣು, ಕಳಿತ ತಿಪ್ಪೆಗೊಬ್ಬರ, ಒಂದಿಷ್ಟು ಮರಳು ಬೆರೆಸಿ. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಅದು ಉಪ್ಪು. ತಳದಿಂದ ಹರಿಯುವಷ್ಟು ನೀರು ಹಾಕಿ ತೊಳೆಯಿರಿ, ಮಳೆನೀರಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಗಿಡಕ್ಕೆ ಟಾನಿಕ್ ಹನಿ ಹಾಕಿದರೆ ತಿಂಗಳಲ್ಲಿ 6 ಅಡಿ ಬೆಳೆಯುತ್ತದಂತೆ. ಕೊಳ್ಳಲೇ?

ಉತ್ತರ: ಬೇಡ. ಬೆಳೆಯುವುದು ಮಾರುವವನ ಗಲ್ಲೆ ಮಾತ್ರ.

ಪ್ರಶ್ನೆ: ಕುಂಡದಲ್ಲಿ ಬಿದಿರು ಹಾಕಿದರೆ ಹಾವು ಬರುತ್ತದೆಯೇ?

ಉತ್ತರ: ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಕುಂಡದ ಹಿಂದಿನ ಕಸ ತೆಗೆಯಿರಿ.