ಓದುಗರ ಪ್ರಶ್ನೆ: ಒಂದೇ ವೈರ್, ನಾಲ್ಕು ಬ್ಯಾಂಡ್

ಪ್ರಶ್ನೆ: ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದಿದೆ, 100 ವ್ಯಾಟ್ ರಿಗ್ (ರೇಡಿಯೊ ಸೆಟ್) ಇದೆ, ಜಾಗ ಮಾತ್ರ ಕಮ್ಮಿ. ಆಂಟೆನಾಗೆ ಒಂದೇ ವೈರ್ ಕಟ್ಟಿದ್ರೆ 40, 20, 15, 10 ಮೀಟರ್ ನಾಲ್ಕೂ ಬ್ಯಾಂಡ್ ಸಿಗುತ್ತಾ? ಎಷ್ಟು ಉದ್ದ ಬೇಕು?

ಉತ್ತರ: ಸಿಗುತ್ತೆ. ನಿಮಗೆ ಬೇಕಿರೋದು ಎಂಡ್ ಫೆಡ್ ಹಾಫ್ ವೇವ್, ಅಂದ್ರೆ ಒಂದು ತುದಿಯಿಂದ ಪವರ್ ಕೊಡೋ ಅರ್ಧ ತರಂಗ ಉದ್ದದ ವೈರ್. 7 ಮೆಗಾಹರ್ಟ್ಸ್‌ಗೆ (40 ಮೀಟರ್ ಬ್ಯಾಂಡ್) ಅರ್ಧ ತರಂಗ ಆಗೋ ವೈರು 14ಕ್ಕೆ (20 ಮೀಟರ್) ಎರಡು ಅರ್ಧ, 21ಕ್ಕೆ (15 ಮೀಟರ್) ಮೂರು, 28ಕ್ಕೆ (10 ಮೀಟರ್) ನಾಲ್ಕು ಅರ್ಧ ಆಗುತ್ತೆ, ಎಲ್ಲದರಲ್ಲೂ ತುದಿಯಲ್ಲಿ ಇಂಪಿಡೆನ್ಸ್ (ಕರೆಂಟ್‌ಗೆ ಸಿಗೋ ತಡೆ) ಎರಡು ಸಾವಿರ ಓಮ್ ದಾಟಿರುತ್ತೆ, ಅದನ್ನ ರಿಗ್‌ಗೆ ಬೇಕಾದ 50 ಓಮ್‌ಗೆ ಇಳಿಸೋಕೆ 49:1 ಟ್ರಾನ್ಸ್‌ಫಾರ್ಮರ್ ಹಾಕ್ತೀವಿ. 143ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿದ್ರೆ ಉದ್ದ ಮೀಟರ್‌ನಲ್ಲಿ ಬರುತ್ತೆ, 7.1ಕ್ಕೆ ಸುಮಾರು 20.1. ಆದ್ರೆ ಶುರುವಲ್ಲೇ ಅಷ್ಟಕ್ಕೆ ಕತ್ತರಿಸ್ಬೇಡಿ, ಒಂದು ಮೀಟರ್ ಜಾಸ್ತಿ ಬಿಡಿ, ಮೇಲೆ ಕಟ್ಟಿ ಎಸ್‌ಡಬ್ಲ್ಯೂಆರ್ (ಪವರ್ ಎಷ್ಟು ವಾಪಸ್ ಬರ್ತಿದೆ ಅನ್ನೋದರ ಅಳತೆ, 1 ಅಂದ್ರೆ ಏನೂ ಬರ್ತಿಲ್ಲ) ಅಳೆದು ನೋಡಿ, ಆಮೇಲೆ ತುದಿನ ಹಿಂದಕ್ಕೆ ಮಡಚಿ ವೈರ್‌ಗೇ ಸುತ್ತುತ್ತಾ ಬನ್ನಿ. ಇನ್ಸುಲೇಶನ್ ಇರೋ ವೈರ್ ಸ್ವಲ್ಪ ಗಿಡ್ಡ ಸಾಕಾಗುತ್ತೆ, ನೆಲಕ್ಕೆ ಹತ್ತಿರ ಇದ್ರೂ ರೆಸೋನೆನ್ಸ್ (ವೈರ್ ಸರಿಯಾಗಿ ಹೊಂದೋ ಫ್ರೀಕ್ವೆನ್ಸಿ) ಕೆಳಗೆ ಬರುತ್ತೆ, ಹಾಗಾಗಿ ಲೆಕ್ಕಕ್ಕಿಂತ ಅಳತೆನೇ ನಂಬಿ. ಇನ್ನೊಂದು, ಮೇಲಿನ ಬ್ಯಾಂಡ್‌ಗಳು ಸರಿಯಾಗಿ ಎರಡರಷ್ಟು ನಾಲ್ಕರಷ್ಟಕ್ಕೆ ಬೀಳಲ್ಲ, ಸ್ವಲ್ಪ ಮೇಲಕ್ಕೇ ಜಾರ್ತವೆ, 10 ಮೀಟರ್‌ನಲ್ಲಿ ಎದ್ದು ಕಾಣುತ್ತೆ. ಅದಕ್ಕೆ 40ರಲ್ಲಿ ಬ್ಯಾಂಡ್‌ನ ಕೆಳತುದಿಗೆ ಟ್ಯೂನ್ ಮಾಡಿಟ್ರೆ ನಾಲ್ಕೂ ಕಡೆ ಕೆಲ್ಸ ನಡೆಯುತ್ತೆ. 80 ಮೀಟರ್ ಮಾತ್ರ ಈ ಉದ್ದದಲ್ಲಿ ಕೇಳ್ಬೇಡಿ, ಅಲ್ಲಿ ಇದು ಕಾಲು ತರಂಗ, ಇಂಪಿಡೆನ್ಸ್ ಪೂರ್ತಿ ಉಲ್ಟಾ.

ಪ್ರಶ್ನೆ: ನಂದು ಇದೇ ಆಂಟೆನಾ, ಎಸ್‌ಡಬ್ಲ್ಯೂಆರ್ ಎಲ್ಲಾ ಬ್ಯಾಂಡಲ್ಲೂ 1.5ರ ಒಳಗೆ. ಆದ್ರೂ ದೂರದೋರು ಯಾರೂ ಉತ್ತರ ಕೊಡಲ್ಲ, ಎಲ್ಲಿ ತಪ್ಪಿದೆ?

ಉತ್ತರ: ಮೀಟರ್ ಹೇಳೋದನ್ನ ಅದು ಹೇಳದೇ ಇರೋ ವಿಷಯಕ್ಕೆ ಹಚ್ಚಿಬಿಟ್ಟಿದ್ದೀರಿ. ಪವರ್‌ನೆಲ್ಲ ಬಿಸಿ ಮಾಡಿ ಮುಗಿಸೋ ಡಮ್ಮಿ ಲೋಡ್‌ಗೂ ಎಸ್‌ಡಬ್ಲ್ಯೂಆರ್ 1.1 ಬರುತ್ತೆ, ಅದರಿಂದ ಯಾರಿಗಾದ್ರೂ ಸಿಗ್ನಲ್ ಹೋಗುತ್ತಾ? ಪವರ್ ವಾಪಸ್ ಬರ್ತಿಲ್ಲ ಅಂತ ಅಷ್ಟೇ ಗೊತ್ತಾಗುತ್ತೆ, ಅದು ಗಾಳಿಗೆ ಹೋಯ್ತೋ ಕೇಬಲ್‌ನಲ್ಲಿ ಬಿಸಿಯಾಗಿ ಕರಗ್ತೋ ಗೊತ್ತಾಗಲ್ಲ. ರಿಗ್‌ನಿಂದ ಆಂಟೆನಾಗೆ 30 ಮೀಟರ್ ಆರ್‌ಜಿ-58 (ತೆಳು ಕೋಆಕ್ಸ್ ಕೇಬಲ್) ಎಳೆದಿದ್ರೆ 28 ಮೆಗಾಹರ್ಟ್ಸ್‌ನಲ್ಲಿ ನೂರಕ್ಕೆ ಸುಮಾರು 40 ಭಾಗ ಅಲ್ಲೇ ಮುಗಿಯುತ್ತೆ, ಜೊತೆಗೆ ಆಂಟೆನಾ ಹತ್ರ 3 ಇರೋ ಎಸ್‌ಡಬ್ಲ್ಯೂಆರ್ ರಿಗ್ ಹತ್ರ 1.8 ಅಂತ ಚೆನ್ನಾಗೇ ಕಾಣುತ್ತೆ. ಒಂದ್ಸಲ ಟ್ರಾನ್ಸ್‌ಫಾರ್ಮರ್ ಹತ್ರಾನೇ ಹೋಗಿ ಅಳೀರಿ.

ಆಮೇಲೆ ಎತ್ತರ. ನೀವು ಬರ್ದಿಲ್ಲ, ಆದ್ರೆ ನನ್ನ ಮೊದಲ ಅನುಮಾನ ಅಲ್ಲೇ. 40 ಮೀಟರ್‌ಗೆ 6 ಮೀಟರ್ ಎತ್ತರ ಅಂದ್ರೆ ತರಂಗದ ಏಳನೇ ಒಂದು ಭಾಗ ಅಷ್ಟೇ, ಸಿಗ್ನಲ್ ಹೆಚ್ಚಾಗಿ ನೆತ್ತಿ ಮೇಲಕ್ಕೇ ಹೋಗುತ್ತೆ, ಸುತ್ತಲಿನ ಕೆಲವು ನೂರು ಕಿಲೋಮೀಟರ್ ಒಳಗಿನವರಿಗೆ ಗಟ್ಟಿಯಾಗಿ ಕೇಳುತ್ತೆ, ದೂರಕ್ಕೆ ಬೇಕಾದ ತಗ್ಗು ಕೋನಕ್ಕೆ ಹೆಚ್ಚೇನೂ ಉಳಿಯಲ್ಲ. 20 ಮೀಟರ್‌ಗೆ 10 ಮೀಟರ್ ಎತ್ತರ ಸಿಕ್ರೆ ಅರ್ಧ ತರಂಗ ಆಯ್ತು, ಅಲ್ಲಿಂದ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತೆ. ಎತ್ತರದ ಆಸರೆ ಒಂದೇ ಇದ್ರೆ ವೈರ್‌ನ ನಡುಭಾಗನ ಅಲ್ಲಿಗೆ ಏರಿಸಿ ಎರಡೂ ಕಡೆ ಇಳಿಬಿಡಿ, 40ರಲ್ಲಿ ಕರೆಂಟ್ ಜಾಸ್ತಿ ಇರೋದು ನಡುವೇನೇ. ತುದಿಗಳು ಕೈಗೆ ಸಿಗೋ ಹಾಗೆ ಬಿಡ್ಬೇಡಿ, 100 ವ್ಯಾಟ್ ಹಾಕಿದಾಗ ಅಲ್ಲಿ ನೂರಾರು ವೋಲ್ಟ್ ಇರುತ್ತೆ, ಮಕ್ಕಳು ಓಡಾಡೋ ಕಡೆ ಆದ್ರಂತೂ ದಯವಿಟ್ಟು ಬೇಡ. ಕರೆಂಟ್ ಲೈನ್‌ನಿಂದ ವೈರ್ ಹರಿದು ಬಿದ್ರೂ ತಾಕದಷ್ಟು ದೂರ ಇರ್ಲಿ, ಇದರಲ್ಲಿ ರಾಜಿ ಇಲ್ಲ.

ಪ್ರಶ್ನೆ: ಟ್ರಾನ್ಸ್‌ಮಿಟ್ ಒತ್ತಿದ್ರೆ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತೆ. ಅಂಗಡಿಯವರು ಈ ಆಂಟೆನಾಗೆ ಕೌಂಟರ್‌ಪಾಯ್ಸ್ (ಕರೆಂಟ್ ವಾಪಸ್ ಬರೋಕೆ ಕಟ್ಟೋ ಇನ್ನೊಂದು ವೈರ್) ಬೇಡ ಅಂದಿದ್ರು.

ಉತ್ತರ: ಬೇಡ ಅನ್ನೋ ಮಾತು ಸರಿಯಲ್ಲ. ವೈರ್‌ಗೆ ಹೋದ ಕರೆಂಟ್‌ಗೆ ವಾಪಸ್ ದಾರಿ ಬೇಕೇಬೇಕು, ನೀವು ಕೊಡದಿದ್ರೆ ಅದು ಕೋಆಕ್ಸ್‌ನ ಹೊರಮೈಯನ್ನೇ ಹಿಡ್ಕೊಂಡು ನಿಮ್ಮ ಟೇಬಲ್ ತನಕ ಬರುತ್ತೆ. ಟ್ರಾನ್ಸ್‌ಫಾರ್ಮರ್‌ನ ಗ್ರೌಂಡ್ ಕಡೆಗೆ 2 ಮೀಟರ್ ವೈರ್ ಕಟ್ಟಿ, ಅಲ್ಲೇ ಕೋಆಕ್ಸ್‌ಗೆ ಆ ಹೊರಮೈ ಕರೆಂಟ್ ತಡೆಯೋ ಒಂದು ಚೋಕ್ ಹಾಕಿ. ಎಫ್‌ಟಿ240-31 ಟೊರಾಯ್ಡ್ (ಫೆರೈಟ್ ಬಳೆ) ಮೇಲೆ ಕೇಬಲ್‌ನ 10-12 ಸುತ್ತು ಸುತ್ತಿದ್ರೆ ಆಯ್ತು. ರಿಸೀವರ್‌ನಲ್ಲಿ ಮನೆ ಒಳಗಿನ ಗದ್ದಲಾನೂ ಇಳಿಯುತ್ತೆ.

ಪ್ರಶ್ನೆ: ಎಫ್‌ಟಿ8 (ಕಂಪ್ಯೂಟರ್‌ನಿಂದ ಕಳಿಸೋ ಡಿಜಿಟಲ್ ಮೋಡ್) ಮಾಡುವಾಗ ಸ್ವಲ್ಪ ಹೊತ್ತಲ್ಲಿ ಎಸ್‌ಡಬ್ಲ್ಯೂಆರ್ ಏರುತ್ತೆ, ಬಿಟ್ಟು ನೋಡಿದ್ರೆ ಮತ್ತೆ ಸರಿ. ಯಾಕೆ?

ಉತ್ತರ: ಟ್ರಾನ್ಸ್‌ಫಾರ್ಮರ್ ಕೋರ್ ಬಿಸಿಯಾಗ್ತಿದೆ. 100 ವ್ಯಾಟ್ ಅಂತ ಬರೆದಿರೋದು ಸಾಮಾನ್ಯವಾಗಿ ಎಸ್‌ಎಸ್‌ಬಿ ಮೋಡ್‌ನ ಮಾತಿಗೆ, ಅಲ್ಲಿ ಪವರ್ ಏರಿಳಿಯುತ್ತೆ, ಎಫ್‌ಟಿ8ನಲ್ಲಿ ಸುಮಾರು 13 ಸೆಕೆಂಡ್ ಪೂರ್ತಿ ಪವರ್ ಹರಿಯುತ್ತೆ. 30 ವ್ಯಾಟ್‌ಗೆ ಇಳಿಸಿ, ಆ ಮೋಡ್‌ಗೆ ಅದು ಧಾರಾಳ.

ಪ್ರಶ್ನೆ: ಗುಡುಗು ಬಂದಾಗ ರಿಗ್ ಆಫ್ ಮಾಡಿದ್ರೆ ಸಾಕಾ?

ಉತ್ತರ: ಸಾಲದು. ಗುಡುಗು ಕೇಳೋ ಮುಂಚೇನೇ ಕೋಆಕ್ಸ್ ಕಳಚಿ ಮನೆಯಿಂದ ಹೊರಗೆ ಇಡಿ, ಗುಡುಗು ಶುರುವಾದ್ಮೇಲೆ ಕೇಬಲ್ ಮುಟ್ಟೋಕೆ ಹೋಗ್ಬೇಡಿ.